ರೇಸಿಂಗ್ ವಿಡಿಯೊ ಗೇಮ್‌ಗಳಲ್ಲಿ ಸ್ಲಿಪ್‌ಸ್ಟ್ರೀಮ್ ಮತ್ತು ವೇಗದ ಪ್ರಯೋಗಗಳು

ರೇಸಿಂಗ್ ಆಟದಲ್ಲಿ ಮುಂದಿನ ವಾಹನದ ಬೆನ್ನಿಗೆ ಅಂಟಿಕೊಂಡಂತೆ ಓಡಿಸಿ, ಅದು ಸೀಳಿಕೊಂಡು ಹೋದ ಗಾಳಿಯ ಲಾಭದಿಂದ ವೇಗ ಹೆಚ್ಚಿಸಿಕೊಳ್ಳುವ ತಂತ್ರಕ್ಕೆ ಸ್ಲಿಪ್‌ಸ್ಟ್ರೀಮಿಂಗ್ ಎಂದು ಹೆಸರು. ಅಮೆರಿಕದ ಓವಲ್ ಟ್ರ್ಯಾಕುಗಳ ಬಳಗ ಇದನ್ನು ಡ್ರಾಫ್ಟಿಂಗ್ ಎನ್ನುತ್ತದೆ, ಫಾರ್ಮುಲಾ ಒನ್ ಚಾಲಕರು ‘ಟೋ’ ಎನ್ನುತ್ತಾರೆ. ನಿಜವಾದ ಟ್ರ್ಯಾಕಿನಲ್ಲಿ ಈ ಲಾಭವನ್ನು ಕೊಡುವುದು ಗಾಳಿ. ಆಟದಲ್ಲಿ ಗಾಳಿಯೇ ಇಲ್ಲ. ಗಾಳಿ ಹೀಗೆ ವರ್ತಿಸಬೇಕು ಎಂದು ಪ್ರೋಗ್ರಾಮರ್ ಬರೆದಿಟ್ಟ ನಿಯಮ ಮಾತ್ರ ಇದೆ. ಆ ನಿಯಮ ಒಂದೊಂದು ಆಟದಲ್ಲಿ ಒಂದೊಂದು ಬಗೆ, ಮತ್ತು ಹೆಚ್ಚಿನ ಆಟಗಳಲ್ಲಿ ಅದು ಆಟಗಾರನ ಕಣ್ಣಿಗೆ ಬೀಳುವುದಿಲ್ಲ. ಸಾವಿರಾರು ಆಟಗಾರರು ಆಸಕ್ತಿಯಿಂದ ನಡೆಸುತ್ತ ಬಂದಿರುವ ವೇಗದ ಪ್ರಯೋಗಗಳು ಈ ಮರೆಯಲ್ಲಿರುವ ನಿಯಮವನ್ನು ಹೊರಗಿನಿಂದಲೇ ಪತ್ತೆಹಚ್ಚುವ ಕೆಲಸ ಮಾಡುತ್ತವೆ. ಹವ್ಯಾಸವೆಂದು ತಳ್ಳಿಹಾಕುವಷ್ಟು ಹಗುರವಾದ ಕೆಲಸ ಇದಲ್ಲ. ಅಳತೆ, ಹೋಲಿಕೆ, ಪುನರಾವರ್ತನೆ ಎಂಬ ಪ್ರಯೋಗಶಾಲೆಯ ಶಿಸ್ತೆಲ್ಲ ಇದರಲ್ಲಿದೆ.

ಗಾಳಿಯ ಲೆಕ್ಕ

ಓಡುವ ಕಾರನ್ನು ಹಿಂದಕ್ಕೆ ಹಿಡಿಯುವ ಬಲಗಳಲ್ಲಿ ಮುಖ್ಯವಾದವು ಎರಡು: ಟೈರುಗಳ ಉರುಳುವಿಕೆಯ ತಡೆ ಮತ್ತು ಗಾಳಿಯ ತಡೆ. ಊರೊಳಗಿನ ವೇಗದಲ್ಲಿ ಮೊದಲನೆಯದರ ಪಾಲು ದೊಡ್ಡದು. ರೇಸಿನ ವೇಗದಲ್ಲಿ ಗಾಳಿಯ ಮುಂದೆ ಅದು ಲೆಕ್ಕಕ್ಕೇ ಇಲ್ಲದಂತಾಗುತ್ತದೆ. ಗಾಳಿಯ ಸಾಂದ್ರತೆ, ಕಾರಿನ ಮುಂಭಾಗದ ವಿಸ್ತೀರ್ಣ, ಅದರ ಆಕಾರಕ್ಕೆ ತಕ್ಕ ತಡೆ ಗುಣಾಂಕ ಮತ್ತು ವೇಗದ ವರ್ಗ, ಈ ನಾಲ್ಕನ್ನೂ ಗುಣಿಸಿ ಅರ್ಧ ಮಾಡಿದರೆ ಗಾಳಿಯ ತಡೆ ಎಷ್ಟೆಂದು ಸಿಗುತ್ತದೆ. ಸಮುದ್ರಮಟ್ಟದಲ್ಲಿ, 15 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಒಂದು ಘನ ಮೀಟರ್ ಗಾಳಿ ಸುಮಾರು 1.225 ಕಿಲೋಗ್ರಾಂ ತೂಗುತ್ತದೆ. ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಮೀರಲು ಎಂಜಿನ್ ಕೊಡಬೇಕಾದ ಶಕ್ತಿ ಎಂಟು ಪಟ್ಟಾಗುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಚಕ್ರಗಳಿಗೆ 300 ಕಿಲೋವ್ಯಾಟ್ ಶಕ್ತಿ ತಲುಪಿಸುವ ಒಂದು ಕಾರು; ಅದರ ವಿಸ್ತೀರ್ಣ ಮತ್ತು ತಡೆ ಗುಣಾಂಕದ ಗುಣಲಬ್ಧ 0.7 ಚದರ ಮೀಟರ್. ಗಾಳಿಯ ಸಾಂದ್ರತೆ 1.2. ಉರುಳು ತಡೆಯನ್ನು ಪಕ್ಕಕ್ಕಿಟ್ಟರೆ ಈ ಕಾರಿನ ಗರಿಷ್ಠ ವೇಗ ಗಂಟೆಗೆ ಸುಮಾರು 322 ಕಿ.ಮೀ. ಇದೇ ಕಾರು ಇನ್ನೊಂದರ ಹಿಂದೆ ಸೇರಿಕೊಂಡು ಗಾಳಿಯ ತಡೆ ಶೇ. 20ರಷ್ಟು ಇಳಿಯಿತು ಎನ್ನೋಣ. ಗರಿಷ್ಠ ವೇಗ ಶೇ. 20ರಷ್ಟು ಏರುವುದಿಲ್ಲ. ಘನಮೂಲದ ಲೆಕ್ಕ ಅಡ್ಡ ಬಂದು ಏರಿಕೆ ಶೇ. 8ರ ಒಳಗೇ ನಿಲ್ಲುತ್ತದೆ. ವೇಗ ಸುಮಾರು 347 ಕಿ.ಮೀ. ಆಗುತ್ತದೆ. ತಡೆ ಶೇ. 10 ಇಳಿದರೆ 333, ಶೇ. 30 ಇಳಿದರೆ 362. ಸ್ಲಿಪ್‌ಸ್ಟ್ರೀಮ್ ಸಿಕ್ಕ ಕೂಡಲೇ ಕಾರು ಬಾಣದಂತೆ ಚಿಮ್ಮುವ ಆಟಗಳು ಈ ಘನಮೂಲವನ್ನು ಗೌರವಿಸುತ್ತಿಲ್ಲ ಎಂದೇ ಅರ್ಥ.

ತಡೆ ಇಳಿಯುವುದು ಏಕೆ? ಮುಂದಿನ ಕಾರು ಗಾಳಿಯನ್ನು ಬದಿಗೆ ತಳ್ಳುವುದಷ್ಟೇ ಅಲ್ಲ, ಒಂದಷ್ಟು ಗಾಳಿಯನ್ನು ತನ್ನ ಜೊತೆಗೇ ಎಳೆದುಕೊಂಡು ಹೋಗುತ್ತದೆ. ಅದರ ಬೆನ್ನ ಹಿಂದೆ ಒತ್ತಡ ಕಡಿಮೆಯಾಗಿ, ಸುಳಿಗಳಿಂದ ಕೂಡಿದ ಒಂದು ಪಟ್ಟಿ ಉಂಟಾಗುತ್ತದೆ. ಅದರೊಳಗಿನ ಗಾಳಿ ಕಾರು ಹೋಗುವ ದಿಕ್ಕಿಗೇ ಚಲಿಸುತ್ತಿರುವುದರಿಂದ ಹಿಂದಿನ ಕಾರಿಗೆ ಎದುರು ಬರುವ ಗಾಳಿಯ ವೇಗ ತಗ್ಗುತ್ತದೆ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಲಾರಿಯ ಹಿಂದೆ ಬೈಕ್ ಓಡಿಸಿದವರಿಗೆ ಇದು ಮೈಗೆ ಗೊತ್ತು: ಹಿಂದೆ ಇರುವಷ್ಟು ಹೊತ್ತು ಎದೆಗೆ ಗಾಳಿ ಬಡಿಯುವುದಿಲ್ಲ, ಓವರ್‌ಟೇಕ್ ಮಾಡಲು ಬದಿಗೆ ಸರಿದ ಕ್ಷಣ ಗಾಳಿ ಗೋಡೆಯಂತೆ ಅಪ್ಪಳಿಸುತ್ತದೆ. ರಸ್ತೆಯಲ್ಲಿ ಇದನ್ನು ಬೇಕೆಂದೇ ಮಾಡುವುದು ಪ್ರಾಣಕ್ಕೆ ಕುತ್ತು. ಲಾರಿ ಬ್ರೇಕ್ ಹಾಕಿದರೆ ತಪ್ಪಿಸಿಕೊಳ್ಳಲು ಜಾಗವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ.

ಸೈಕಲ್ ಸವಾರರಿಗೆ ಈ ಲಾಭ ಕಾರಿಗಿಂತ ಎಷ್ಟೋ ದೊಡ್ಡದು, ಏಕೆಂದರೆ ಅವರ ಶ್ರಮದ ಬಹುಪಾಲನ್ನು ಗಾಳಿಯೇ ತಿನ್ನುತ್ತದೆ. ಬರ್ಟ್ ಬ್ಲಾಕೆನ್ ಮತ್ತು ಸಂಗಡಿಗರು 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೊಡ್ಡ ಗುಂಪಿನ ಒಳಭಾಗದಲ್ಲಿರುವ ಸವಾರನಿಗೆ ಎದುರಾಗುವ ತಡೆ, ಒಂಟಿಯಾಗಿ ಹೋಗುವವನ ತಡೆಯ ಶೇ. 5ರಿಂದ 10ರಷ್ಟಕ್ಕೆ ಇಳಿಯಬಲ್ಲದು. ಅದೇ ವರ್ಷ ಡೆನಿಸ್ ಮುಲ್ಲರ್-ಕೋರೆನೆಕ್ ಅಮೆರಿಕದ ಬಾನ್‌ವಿಲ್ ಉಪ್ಪುಬಯಲಿನಲ್ಲಿ, ಗಾಳಿತಡೆಯ ಹೊದಿಕೆ ಕಟ್ಟಿದ ಡ್ರ್ಯಾಗ್‌ಸ್ಟರ್ ಕಾರಿನ ಹಿಂದೆ ಸೈಕಲ್ ತುಳಿದು ಗಂಟೆಗೆ 296 ಕಿ.ಮೀ. ಮುಟ್ಟಿದರು. ಮನೆಯೊಳಗೆ ಸೈಕಲ್ ತುಳಿಯುತ್ತ ಪರದೆಯ ಮೇಲೆ ರೇಸ್ ಮಾಡುವ ಜ್ವಿಫ್ಟ್‌ನಂಥ ಆಟಗಳಲ್ಲಿ ಡ್ರಾಫ್ಟ್ ಇಲ್ಲದಿದ್ದರೆ ಆ ಕ್ರೀಡೆಯ ತಂತ್ರಗಾರಿಕೆಯೇ ಸತ್ತುಹೋಗುತ್ತಿತ್ತು.

ಲಾಭದ ಜೊತೆಗೆ ನಷ್ಟವೂ ಇದೆ. ರೇಸ್ ಕಾರಿನ ರೆಕ್ಕೆಗಳು ಗಾಳಿಯನ್ನು ಬಳಸಿ ಕಾರನ್ನು ನೆಲಕ್ಕೆ ಒತ್ತುತ್ತವೆ, ಇದೇ ಡೌನ್‌ಫೋರ್ಸ್. ಸುಳಿಗಾಳಿಯಲ್ಲಿ ರೆಕ್ಕೆ ಸರಿಯಾಗಿ ಕೆಲಸ ಮಾಡುವುದಿಲ್ಲ. ನೇರ ದಾರಿಯಲ್ಲಿ ವರವಾಗಿದ್ದ ಅದೇ ಗಾಳಿ ತಿರುವಿನಲ್ಲಿ ಶಾಪವಾಗುತ್ತದೆ: ಮುಂದಿನ ಚಕ್ರಗಳು ಜಾರುತ್ತವೆ, ಟೈರು ಬಿಸಿಯಾಗುತ್ತದೆ. ಫಾರ್ಮುಲಾ ಒನ್ ಸಂಸ್ಥೆ ಕೊಟ್ಟ ಅಂಕಿಗಳಂತೆ, ಹಳೆಯ ವಿನ್ಯಾಸದ ಕಾರು ಇನ್ನೊಂದರ ಹಿಂದೆ 20 ಮೀಟರ್ ದೂರದಲ್ಲಿದ್ದಾಗ ಶೇ. 35ರಷ್ಟು, 10 ಮೀಟರ್ ದೂರದಲ್ಲಿದ್ದಾಗ ಶೇ. 46ರಷ್ಟು ಡೌನ್‌ಫೋರ್ಸ್ ಕಳೆದುಕೊಳ್ಳುತ್ತಿತ್ತು. 2022ರ ಹೊಸ ನಿಯಮಗಳು ಈ ನಷ್ಟವನ್ನು ಕ್ರಮವಾಗಿ ಶೇ. 4 ಮತ್ತು 18ಕ್ಕೆ ಇಳಿಸುವ ಗುರಿಯಿಂದ ಬಂದವು. ಒಂದು ಆಟ ಗಾಳಿಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡಿದೆ ಎಂದು ತಿಳಿಯಬೇಕಾದರೆ ನೇರ ದಾರಿಗಿಂತ ಮೊದಲು ತಿರುವಿನಲ್ಲಿ ಪರೀಕ್ಷಿಸಬೇಕು. ಲಾಭವನ್ನು ಮಾತ್ರ ಕೊಟ್ಟು ನಷ್ಟವನ್ನು ಮರೆತ ಆಟಗಳೇ ಹೆಚ್ಚು.

ಟ್ರ್ಯಾಕಿನ ಪಾಠಗಳು

ಆಟಗಳು ನಕಲು ಮಾಡಿದ್ದು ಓವಲ್ ಟ್ರ್ಯಾಕಿನ ಅನುಭವವನ್ನು. ಫ್ಲೋರಿಡಾದ ಡೇಟೋನಾ ಟ್ರ್ಯಾಕ್ ತೆರೆದದ್ದು 1959ರಲ್ಲಿ: ಎರಡೂವರೆ ಮೈಲಿ ಸುತ್ತಳತೆ, ತಿರುವುಗಳಲ್ಲಿ 31 ಡಿಗ್ರಿ ಓರೆ. ಮರುವರ್ಷದ ಡೇಟೋನಾ 500ಕ್ಕೆ ಜೂನಿಯರ್ ಜಾನ್ಸನ್ ತಂದ ಷೆವರ್ಲೆ, ಅಲ್ಲಿದ್ದ ಪಾಂಟಿಯಾಕ್‌ಗಳ ಮುಂದೆ ನಿಧಾನದ ಕಾರು. ಆದರೆ ಅಭ್ಯಾಸದ ವೇಳೆ ವೇಗದ ಕಾರೊಂದರ ಹಿಂದೆ ಸೇರಿಕೊಂಡರೆ ತಾನೂ ಅಷ್ಟೇ ವೇಗದಲ್ಲಿ ಹೋಗಬಲ್ಲೆ ಎಂಬುದು ಅವರ ಗಮನಕ್ಕೆ ಬಂತು. ಅದನ್ನೇ ನೆಚ್ಚಿ ರೇಸ್ ಗೆದ್ದರು. ಓವಲ್ ರೇಸಿಂಗ್‌ನಲ್ಲಿ ಡ್ರಾಫ್ಟಿಂಗ್‌ನ ಶೋಧ ಅವರದೆಂದೇ ಇವತ್ತಿಗೂ ಹೇಳುತ್ತಾರೆ.

ಯುರೋಪಿನಲ್ಲಿ ಇದಕ್ಕೆ ಇಟಲಿಯ ಮೊಂಜಾ ಟ್ರ್ಯಾಕ್ ಸಾಕ್ಷಿ. 1971ರ ಇಟಾಲಿಯನ್ ಗ್ರಾಂಪ್ರಿಯಲ್ಲಿ ಪೀಟರ್ ಗೆಥಿನ್ ಅವರು ರೋನಿ ಪೀಟರ್ಸನ್ ಅವರನ್ನು ಸೋಲಿಸಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಮೊದಲ ಐದು ಕಾರುಗಳು 0.61 ಸೆಕೆಂಡಿನೊಳಗೆ ಗೆರೆ ದಾಟಿದವು. ಸರಾಸರಿ ವೇಗ ಗಂಟೆಗೆ 242 ಕಿ.ಮೀ.ಗೂ ಹೆಚ್ಚು. ಒಬ್ಬರ ಹಿಂದೆ ಒಬ್ಬರು ಗಾಳಿಯನ್ನು ಸಾಲ ಪಡೆಯುತ್ತ, ಸುತ್ತು ಸುತ್ತಿಗೂ ಮುಂದಾಳನ್ನು ಬದಲಿಸುತ್ತ ಓಡಿದ ರೇಸ್ ಅದು. ಮರುವರ್ಷ ಅಲ್ಲಿ ಚಿಕೇನ್ ಎಂಬ, ವೇಗ ತಗ್ಗಿಸುವ ತಿರುವುಗಳನ್ನು ಕಟ್ಟಿ ಆ ನಿರಂತರ ವೇಗವನ್ನು ಮುರಿದರು. 2019ರಲ್ಲಿ ಇದೇ ಟ್ರ್ಯಾಕಿನ ಅರ್ಹತಾ ಸುತ್ತಿನ ಕೊನೆಯಲ್ಲಿ, ಮುಂದೆ ಹೋಗಿ ಟೋ ಬಿಟ್ಟುಕೊಡಲು ಯಾರೂ ಒಪ್ಪದೆ ಕಾರುಗಳೆಲ್ಲ ತೆವಳಿದವು. ಹೆಚ್ಚಿನವರು ಸಮಯ ಮೀರುವುದರೊಳಗೆ ಕೊನೆಯ ಸುತ್ತನ್ನು ಶುರುಮಾಡಲೇ ಆಗಲಿಲ್ಲ.

ಅಮೆರಿಕದ ಓವಲ್ ರೇಸುಗಳ ಸಂಸ್ಥೆಯಾದ ನಾಸ್ಕಾರ್‌ನಲ್ಲಿ, ಟಾಲಡೇಗಾ ಓವಲ್‌ನಲ್ಲಿ 1987ರಲ್ಲಿ ನಡೆದ ಅಪಘಾತವೊಂದರ ನಂತರ, 1988ರಿಂದ, ಡೇಟೋನಾ ಮತ್ತು ಟಾಲಡೇಗಾಗಳಲ್ಲಿ ಎಂಜಿನ್ನಿಗೆ ಗಾಳಿ ಹೋಗುವ ದಾರಿಗೆ ರೆಸ್ಟ್ರಿಕ್ಟರ್ ಪ್ಲೇಟ್ ಹಾಕಿ ಶಕ್ತಿ ತಗ್ಗಿಸಿದರು. ಎಲ್ಲರ ಶಕ್ತಿಯೂ ಹೆಚ್ಚುಕಡಿಮೆ ಒಂದೇ ಆದಾಗ ಡ್ರಾಫ್ಟ್ ಬಿಟ್ಟರೆ ಗೆಲ್ಲಲು ಬೇರೆ ದಾರಿಯೇ ಉಳಿಯಲಿಲ್ಲ. ಇಲ್ಲಿ ಮುಂದಿನ ಕಾರಿಗೂ ಲಾಭವಿದೆ. ಹಿಂದಿನ ಕಾರು ಅದರ ಬೆನ್ನ ಹಿಂದಿನ ಕಡಿಮೆ ಒತ್ತಡದ ಜಾಗವನ್ನು ತುಂಬಿಕೊಳ್ಳುವುದರಿಂದ ಎರಡೂ ಸೇರಿ ಒಂಟಿ ಕಾರಿಗಿಂತ ವೇಗವಾಗಿ ಓಡುತ್ತವೆ. 2011ರಲ್ಲಿ ಇದು ವಿಪರೀತಕ್ಕೆ ಹೋಗಿ ಜೋಡಿ ಜೋಡಿಯಾಗಿ ಬಂಪರಿಗೆ ಬಂಪರ್ ತಾಗಿಸಿ ಓಡುವುದೇ ರೂಢಿಯಾಯಿತು. ಆ ವರ್ಷದ ಟಾಲಡೇಗಾ ರೇಸೊಂದನ್ನು ಜಿಮ್ಮಿ ಜಾನ್ಸನ್ ಗೆದ್ದದ್ದು 0.002 ಸೆಕೆಂಡಿನಿಂದ. ಇನ್ನೊಂದು ತಂತ್ರ ಸೈಡ್ ಡ್ರಾಫ್ಟ್: ಎದುರಾಳಿಯ ಹಿಂಬದಿಯ ಪಕ್ಕಕ್ಕೆ ತೀರ ಹತ್ತಿರ ಬಂದು, ಗಾಳಿಯನ್ನು ಅವನ ಸ್ಪಾಯ್ಲರ್ ಮೇಲೆ ಬೀಳುವಂತೆ ಮಾಡಿ ಅವನನ್ನು ಹಿಂದಕ್ಕೆ ಎಳೆಯುವುದು. ಆಟದಲ್ಲಿ ಇದನ್ನು ಬರೆಯುವುದು ಬಹಳ ಕಷ್ಟ.

ಆಟದೊಳಗೆ ಗಾಳಿಯನ್ನು ಬರೆಯುವುದು

ಗಾಳಿಯ ಹರಿವನ್ನು ಪೂರ್ತಿಯಾಗಿ ಲೆಕ್ಕಹಾಕಲು ದೊಡ್ಡ ಕಂಪ್ಯೂಟರುಗಳೂ ಒಂದೊಂದು ಸನ್ನಿವೇಶಕ್ಕೆ ಗಂಟೆಗಟ್ಟಲೆ ತೆಗೆದುಕೊಳ್ಳುತ್ತವೆ. ಆಟಕ್ಕೆ ಸಿಗುವುದು ಸೆಕೆಂಡಿನ ಒಂದು ಸಣ್ಣ ತುಣುಕು. ಐರೇಸಿಂಗ್ ಸಿಮ್ಯುಲೇಟರ್ ಸೆಕೆಂಡಿಗೆ 360 ಸಲ ಕಾರಿನ ಭೌತ ಲೆಕ್ಕ ಮಾಡುತ್ತದೆ. ಅಂದರೆ ಒಂದು ಸಲಕ್ಕೆ ಮೂರು ಮಿಲಿಸೆಕೆಂಡಿಗೂ ಕಡಿಮೆ. ಅಷ್ಟರಲ್ಲಿ ಟೈರು, ಸಸ್ಪೆನ್ಷನ್, ಎಂಜಿನ್, ಗಾಳಿ ಎಲ್ಲವೂ ಮುಗಿಯಬೇಕು. ಹಾಗಾಗಿ ಪ್ರತಿ ಆಟವೂ ಗಾಳಿಯ ಸತ್ಯದಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ಬಿಡಬೇಕು ಎಂದು ಆಯ್ದುಕೊಳ್ಳಲೇಬೇಕು.

ಎಲ್ಲಕ್ಕಿಂತ ಸರಳವಾದ ದಾರಿ ಸಮಯವನ್ನು ಜಮಾ ಮಾಡುವುದು. ಮೂಲ ಕೋಡ್ ಎಲ್ಲರಿಗೂ ತೆರೆದಿರುವ ಸೂಪರ್‌ಟಕ್ಸ್‌ಕಾರ್ಟ್ ಆಟದಲ್ಲಿ ಇದನ್ನು ಯಾರು ಬೇಕಾದರೂ ಓದಬಹುದು. ಪ್ರತಿ ಬಂಡಿಯ ಹಿಂದೆ ನಿಗದಿತ ಉದ್ದ ಅಗಲಗಳ ಒಂದು ಚತುರ್ಭುಜವಿದೆ. ಹಿಂದಿನ ಬಂಡಿ ಕನಿಷ್ಠ ವೇಗಕ್ಕಿಂತ ಮೇಲಿದ್ದು ಅದರೊಳಗೆ ಹೊಕ್ಕರೆ ಗಡಿಯಾರ ಓಡಲು ಶುರುವಾಗುತ್ತದೆ. ಸಾಕಷ್ಟು ಹೊತ್ತು ಜಮೆಯಾದ ಮೇಲೆ ಆ ಜಮೆ ಹೆಚ್ಚುವರಿ ವೇಗವಾಗಿ ಸಿಗುತ್ತದೆ, ಆಮೇಲೆ ನಿಧಾನವಾಗಿ ಕರಗುತ್ತದೆ. ಜಮಾ ಮಾಡುವ ಕನಿಷ್ಠ ಕಾಲ, ಗರಿಷ್ಠ ಕಾಲ, ಸಿಗುವ ಶಕ್ತಿ, ವೇಗದ ಮಿತಿ, ಕರಗುವ ಅವಧಿ ಎಲ್ಲವೂ ಬಂಡಿಗಳ ಗುಣಲಕ್ಷಣಗಳ ಕಡತದಲ್ಲಿ ಒಂದೊಂದು ಸಂಖ್ಯೆ. ಒಂದು ಸಂಖ್ಯೆ ಬದಲಿಸಿ ಆಡಿ ನೋಡಿದರೆ ಇಡೀ ರೇಸಿನ ಸ್ವಭಾವ ಬದಲಾಗುವುದು ಅನುಭವಕ್ಕೆ ಬರುತ್ತದೆ. ಗೇಮ್ ವಿನ್ಯಾಸ ಕಲಿಯುವ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಮಾರಿಯೊ ಕಾರ್ಟ್ ವೀ (2008) ಮತ್ತು ಮಾರಿಯೊ ಕಾರ್ಟ್ 8 (2014) ಆಟಗಳಲ್ಲೂ ಇದೇ ಬಗೆ: ಮುಂದಿನವನ ಹಿಂದೆ ಕೆಲವು ಕ್ಷಣ ಇದ್ದರೆ ಬಂಡಿಯ ಸುತ್ತ ಬಿಳಿಯ ಗಾಳಿಗೆರೆಗಳು ಕಾಣಿಸಿ, ನಂತರ ಒಂದು ನೂಕು ಸಿಗುತ್ತದೆ. ನಿಜವಾದ ಗಾಳಿ ಯಾವ ಜಮೆಯನ್ನೂ ಇಡುವುದಿಲ್ಲ. ಒಳಗಿದ್ದಷ್ಟು ಹೊತ್ತು ಲಾಭ, ಹೊರಬಂದೊಡನೆ ಲಾಭವೂ ನಿಂತಿತು.

ಎರಡನೆಯದು ತಡೆಯನ್ನೇ ತಗ್ಗಿಸುವ ದಾರಿ. ಮುಂದಿನ ಕಾರಿನಿಂದ ಎಷ್ಟು ದೂರ, ಅದರ ನಡುಗೆರೆಯಿಂದ ಎಷ್ಟು ಪಕ್ಕಕ್ಕೆ ಎಂಬುದನ್ನು ನೋಡಿ ಗಾಳಿಯ ತಡೆಯನ್ನು ಒಂದು ಗುಣಕದಿಂದ ಕಡಿಮೆ ಮಾಡಲಾಗುತ್ತದೆ. ಎಂಜಿನ್ ಮತ್ತು ಗೇರಿನ ಲೆಕ್ಕ ಮಾಮೂಲಿನಂತೆ ನಡೆಯುವುದರಿಂದ ಮೇಲೆ ಹೇಳಿದ ಘನಮೂಲ ತಾನಾಗಿಯೇ ಒಳಗೆ ಬರುತ್ತದೆ. ಇಟಲಿಯ ಕುನೋಸ್ ಸಿಮುಲಾಜಿಯೋನಿ ತಂಡದ ಅಸೆಟ್ಟೊ ಕೊರ್ಸಾ (2014) ಆಟದಲ್ಲಿ ಕಾರಿನ ಹಿಂದೆ ಚಾಚಿಕೊಂಡ ತ್ರಿಕೋನಾಕಾರದ ವಲಯವಿದೆ. ಕಾರು ವೇಗ ಹೆಚ್ಚಿಸಿದಂತೆ ಆ ತ್ರಿಕೋನವೂ ಉದ್ದವಾಗುತ್ತದೆ. ಆಟಕ್ಕೆ ತಮ್ಮದೇ ಕಾರು ತಯಾರಿಸಿ ಸೇರಿಸುವ ಮಾಡರ್‌ಗಳಿಗೆ ಅದರ ಬಲವನ್ನು ಹೊಂದಿಸಲು ಎರಡು ಗುಣಕಗಳನ್ನು ಕೊಟ್ಟಿದ್ದಾರೆ. ಇಮೇಜ್ ಸ್ಪೇಸ್ ಸಂಸ್ಥೆಯ ಆರ್‌ಫ್ಯಾಕ್ಟರ್ (2005) ಒಂದು ಹೆಜ್ಜೆ ಮುಂದೆ ಹೋಗಿತ್ತು. ಡ್ರಾಫ್ಟ್‌ನೊಳಗೆ ಡೌನ್‌ಫೋರ್ಸ್ ಎಷ್ಟು ಕುಗ್ಗಬೇಕು, ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಸಮತೋಲ ಎಷ್ಟು ಬದಲಾಗಬೇಕು ಎಂಬುದಕ್ಕೂ ಕಾರಿನ ಕಡತದಲ್ಲಿ ಬೇರೆ ಬೇರೆ ಸಂಖ್ಯೆಗಳಿದ್ದವು. ತಿರುವಿನ ನಷ್ಟವನ್ನು ಮರೆಯದ ಆಟ ಅದು.

ಇದಕ್ಕೂ ಮೇಲಿನದು ಗಾಳಿಗೆ ನೆನಪು ಕೊಡುವ ದಾರಿ. ನೇರ ತ್ರಿಕೋನವನ್ನು ಕಾರಿಗೆ ಅಂಟಿಸಿದರೆ ಕಾರು ತಿರುವಿನಲ್ಲಿ ಹೊರಳಿದಾಗ ಗಾಳಿಯ ವಲಯವೂ ಬಾಲದಂತೆ ಗಕ್ಕನೆ ಹೊರಳುತ್ತದೆ. ನಿಜದಲ್ಲಿ ಕಲಕಿದ ಗಾಳಿ ಕಾರು ಹಾದುಹೋದ ದಾರಿಯಲ್ಲೇ ಬಿದ್ದಿರುತ್ತದೆ, ನಿಧಾನವಾಗಿ ಚದುರುತ್ತದೆ. ಕಾರು ಸಾಗಿದ ಜಾಡನ್ನು ಬಿಂದು ಬಿಂದುವಾಗಿ ಉಳಿಸಿಕೊಂಡು, ಪ್ರತಿ ಬಿಂದುವಿನಲ್ಲೂ ಗಾಳಿ ಎಷ್ಟು ಕಲಕಿದೆ ಎಂಬುದನ್ನು ಹೊತ್ತು ಕಳೆದಂತೆ ಇಳಿಸುತ್ತ ಹೋದರೆ ಇದನ್ನು ಸಮೀಪದಿಂದ ಹಿಡಿಯಬಹುದು. ಓವಲ್‌ನಲ್ಲಿ ಉದ್ದ ಸಾಲಾಗಿ ಓಡುವ ರೇಸಿಗೆ ಇದು ಅನಿವಾರ್ಯ.

ಆರ್ಕೇಡ್ ಆಟಗಳ ನ್ಯಾಯ

ನ್ಯಾಮ್ಕೊ ಸಂಸ್ಥೆಯ ಫೈನಲ್ ಲ್ಯಾಪ್ (1987) ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ ಹಲವರು ಒಟ್ಟಿಗೆ ಆಡುವಂತೆ ಮಾಡಿದಾಗ ಒಂದು ತೊಡಕು ಎದುರಾಯಿತು: ಒಮ್ಮೆ ಹಿಂದೆ ಬಿದ್ದವನಿಗೆ ಮತ್ತೆ ಆಡುವ ಹುಮ್ಮಸ್ಸೇ ಇರುವುದಿಲ್ಲ. ಹಿಂದಿರುವವನ ಕಾರಿಗೆ ಗುಟ್ಟಾಗಿ ವೇಗ ಕೊಡುವ ರಬ್ಬರ್ ಬ್ಯಾಂಡಿಂಗ್ ಆಗ ಉತ್ತರವಾಯಿತು. ಸ್ಲಿಪ್‌ಸ್ಟ್ರೀಮ್ ಕೂಡ ಹಿಂದಿರುವವನಿಗೇ ನೆರವಾಗುತ್ತದೆ, ಆದರೆ ದುಡಿದು ಪಡೆಯಬೇಕಾದ ನೆರವು. ಮುಂದಿನವನನ್ನು ಹಿಡಿಯುವಷ್ಟು ಹತ್ತಿರ ಬಂದವನಿಗೆ, ನೆಟ್ಟಗೆ ಓಡಿಸುವವನಿಗೆ ಮಾತ್ರ ಅದು ಸಿಗುತ್ತದೆ. ಮುಂದಿನವನು ಪಥ ಬದಲಿಸಿ ಅದನ್ನು ಕಸಿದುಕೊಳ್ಳಲೂಬಹುದು. ಆಟದ ನ್ಯಾಯದ ದೃಷ್ಟಿಯಿಂದ ಇದು ರಬ್ಬರ್ ಬ್ಯಾಂಡಿಂಗ್‌ಗಿಂತ ಎಷ್ಟೋ ಮೇಲು. ಜಿಟಿಎ ಆನ್‌ಲೈನ್‌ನ ರೇಸುಗಳಲ್ಲಿ ಹಿಂದಿದ್ದವರನ್ನು ಮುಂದೆ ತರುವ ಕ್ಯಾಚ್-ಅಪ್ ಮತ್ತು ಸ್ಲಿಪ್‌ಸ್ಟ್ರೀಮ್ ಎಂಬ ಎರಡು ಪ್ರತ್ಯೇಕ ಗುಂಡಿಗಳಿವೆ. ಗಂಭೀರವಾಗಿ ಸ್ಪರ್ಧಿಸುವವರು ಮೊದಲನೆಯದನ್ನು ಮುಚ್ಚಿ, ಎರಡನೆಯದರ ಬಗ್ಗೆ ಮಾತ್ರ ಚರ್ಚೆ ಮಾಡುತ್ತಾರೆ.

ಕೆಲವು ಆಟಗಳು ಸ್ಲಿಪ್‌ಸ್ಟ್ರೀಮನ್ನು ವೇಗವಾಗಿ ಕೊಡದೆ ಬಹುಮಾನವಾಗಿ ಕೊಟ್ಟವು. ಸ್ಪ್ಲಿಟ್/ಸೆಕೆಂಡ್ (2010) ಆಟದಲ್ಲಿ ಮುಂದಿನವನ ಹಿಂದೆ ಓಡಿದರೆ ಪವರ್ ಮೀಟರ್ ತುಂಬುತ್ತದೆ, ತುಂಬಿದ ಮೀಟರಿನಿಂದ ಟ್ರ್ಯಾಕಿನ ಮೇಲೆ ಸ್ಫೋಟ ನಡೆಸಬಹುದು. ಅದೇ ವರ್ಷದ ನೀಡ್ ಫಾರ್ ಸ್ಪೀಡ್: ಹಾಟ್ ಪರ್ಸ್ಯೂಟ್ ನೈಟ್ರಸ್ ಕೊಟ್ಟಿತು. ಗಾಳಿಯ ಪ್ರಶ್ನೆ ಅಲ್ಲಿಗೆ ಮುಗಿಯಿತು. ಉಳಿದದ್ದು ಧೈರ್ಯಕ್ಕೆ ಕೊಡುವ ಕೂಲಿ.

ವೇಗದ ಪ್ರಯೋಗಗಳು

ಪ್ರಯೋಗಕ್ಕೆ ಮೊದಲು ಬೇಕಾದದ್ದು ಉದ್ದನೆಯ ನೇರ ದಾರಿ. ಗರಿಷ್ಠ ವೇಗದ ಹತ್ತಿರ ಬಂದಂತೆ ಎಂಜಿನ್ನಿನಲ್ಲಿ ಉಳಿಯುವ ಹೆಚ್ಚುವರಿ ಬಲ ಸೊನ್ನೆಯ ಕಡೆಗೆ ಸಾಗುತ್ತದೆ. ಕೊನೆಯ ಕೆಲವು ಕಿಲೋಮೀಟರ್ ವೇಗ ಏರಲು ಮೊದಲಿನ ಇನ್ನೂರಕ್ಕಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಬುಗಾಟಿ ಷಿರಾನ್ 2019ರಲ್ಲಿ ಜರ್ಮನಿಯ ಎರಾ-ಲೆಸಿಯನ್ ಪರೀಕ್ಷಾ ಟ್ರ್ಯಾಕಿನಲ್ಲಿ ಗಂಟೆಗೆ 490 ಕಿ.ಮೀ. ದಾಟಿದ್ದು ಅಲ್ಲಿ ಎಂಟು ಕಿ.ಮೀ.ಗೂ ಹೆಚ್ಚಿನ ನೇರ ದಾರಿ ಇದ್ದುದರಿಂದಲೇ. ಕಜುನೋರಿ ಯಮಾಉಚಿ ನೇತೃತ್ವದ ಪಾಲಿಫೋನಿ ಡಿಜಿಟಲ್ ಸಂಸ್ಥೆ ತನ್ನ ಗ್ರಾನ್ ಟುರಿಸ್ಮೊ ಸರಣಿಗೆ ಕಟ್ಟಿದ ಸ್ಪೆಷಲ್ ಸ್ಟೇಜ್ ರೂಟ್ ಎಕ್ಸ್ ಇಂಥ ಪ್ರಯೋಗಕ್ಕೆಂದೇ ಇರುವ ಟ್ರ್ಯಾಕ್. ಸುತ್ತಳತೆ 30 ಕಿ.ಮೀ.ಗೂ ಸ್ವಲ್ಪ ಹೆಚ್ಚು. ಒಂದೊಂದೂ ಸುಮಾರು 12 ಕಿ.ಮೀ. ಉದ್ದದ ಎರಡು ನೇರ ದಾರಿಗಳು. ಗಂಟೆಗೆ 400 ಕಿ.ಮೀ. ವೇಗದಲ್ಲೂ ಒಂದು ನೇರ ದಾರಿಯನ್ನು ಮುಗಿಸಲು 108 ಸೆಕೆಂಡು ಹಿಡಿಯುತ್ತದೆ. ಫಾರ್ಮುಲಾ ಒನ್ ಕಾರುಗಳ ವಿನ್ಯಾಸಕ ಆಡ್ರಿಯನ್ ನ್ಯೂಯಿ ಅವರ ಸಲಹೆಯೊಂದಿಗೆ ರೂಪಿಸಿದ ರೆಡ್ ಬುಲ್ ಎಕ್ಸ್2010, ಆಮೇಲೆ ಬಂದ ಎಸ್‌ಆರ್‌ಟಿ ಟೊಮಾಹಾಕ್‌ನಂಥ ಕಲ್ಪನೆಯ ಕಾರುಗಳು ಇಲ್ಲಿ ಯಾವ ನಿಜವಾದ ಟ್ರ್ಯಾಕೂ ಕಂಡಿರದ ವೇಗ ಮುಟ್ಟುತ್ತವೆ.

ಗ್ರಾನ್ ಟುರಿಸ್ಮೊದ ಆನ್‌ಲೈನ್ ಕೊಠಡಿಗಳಲ್ಲಿ ಸ್ಲಿಪ್‌ಸ್ಟ್ರೀಮ್ ಬಲಕ್ಕೆ ದುರ್ಬಲ, ಪ್ರಬಲ, ನೈಜ ಎಂಬ ಆಯ್ಕೆಗಳಿವೆ. ಈ ಹೆಸರುಗಳ ಹಿಂದೆ ಯಾವ ಸಂಖ್ಯೆ ಇದೆ ಎಂದು ಆಟ ಹೇಳುವುದಿಲ್ಲ. ಅದನ್ನು ಪತ್ತೆಹಚ್ಚುವ ಕ್ರಮ ಹೀಗೆ. ಇಬ್ಬರು ಆಟಗಾರರು ಒಂದೇ ಮಾದರಿಯ, ಒಂದೇ ಸೆಟ್ಟಿಂಗಿನ ಕಾರು ತೆಗೆದುಕೊಳ್ಳುತ್ತಾರೆ. ಇಂಧನ ಖರ್ಚು, ಟೈರ್ ಸವೆತ ಎರಡನ್ನೂ ನಿಲ್ಲಿಸುತ್ತಾರೆ. ಒಬ್ಬ ಒಂಟಿಯಾಗಿ, ಸ್ಪೀಡೋಮೀಟರ್ ಏರುವುದು ನಿಲ್ಲುವವರೆಗೆ ಓಡಿಸಿ ವೇಗ ಬರೆದುಕೊಳ್ಳುತ್ತಾನೆ. ಆಮೇಲೆ ಇನ್ನೊಬ್ಬನ ಹಿಂದೆ ನಿಗದಿತ ಅಂತರದಲ್ಲಿ ಅದನ್ನೇ ಮಾಡುತ್ತಾನೆ. ನಂತರ ಇಬ್ಬರೂ ಜಾಗ ಬದಲಿಸಿಕೊಳ್ಳುತ್ತಾರೆ. ಇಲ್ಲೊಂದು ತೊಡಕಿದೆ: ಹಿಂದಿನವನು ಹೆಚ್ಚು ವೇಗವಾಗಿರುವುದರಿಂದ ಅಂತರ ಕುಗ್ಗುತ್ತಲೇ ಹೋಗುತ್ತದೆ. ಹಾಗಾಗಿ ಮುಂದಿನ ಕಾರಿಗೆ ಸ್ವಲ್ಪ ಹೆಚ್ಚು ಶಕ್ತಿ ಕೊಟ್ಟು, ಎರಡೂ ಒಂದೇ ವೇಗದಲ್ಲಿ ನಿಲ್ಲುವಂತೆ ಹೊಂದಿಸಬೇಕಾಗುತ್ತದೆ. ತಾಳ್ಮೆ ಬೇಡುವ ಕೆಲಸ.

ವೇಗ ಸಿಕ್ಕ ಮೇಲೆ ಮರೆಯಲ್ಲಿದ್ದ ಸಂಖ್ಯೆ ಹೊರಬರುತ್ತದೆ. ಒಂಟಿಯಾಗಿ 322, ಹಿಂದೆ ಇದ್ದಾಗ 347 ಎಂದಾದರೆ ಎರಡರ ಅನುಪಾತ 1.078ರ ಹತ್ತಿರ. ಅದರ ಘನ 1.25. ಒಂದನ್ನು ಅದರಿಂದ ಭಾಗಿಸಿದರೆ 0.8, ಅಂದರೆ ಆಟ ಗಾಳಿಯ ತಡೆಯನ್ನು ಶೇ. 20ರಷ್ಟು ಇಳಿಸಿದೆ. ಎಂಜಿನ್ ಎರಡೂ ವೇಗದಲ್ಲಿ ಒಂದೇ ಶಕ್ತಿ ಕೊಡುತ್ತಿದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಹೆಚ್ಚಿನ ಪ್ರಯೋಗಗಳು ಕೆಡುವುದು ಇಲ್ಲಿಯೇ. ಕೊನೆಯ ಗೇರು ಗಿಡ್ಡದಾಗಿದ್ದರೆ ಎಂಜಿನ್ ತನ್ನ ಮಿತಿಗೆ ತಾಗಿ ಒದರುತ್ತ ನಿಲ್ಲುತ್ತದೆ, ಗಾಳಿ ಎಷ್ಟೇ ಸಡಿಲಿಸಿದರೂ ವೇಗ ಏರುವುದಿಲ್ಲ. ಸ್ಲಿಪ್‌ಸ್ಟ್ರೀಮ್ ಕೆಲಸವೇ ಮಾಡುತ್ತಿಲ್ಲ ಎಂದು ತೀರ್ಮಾನಿಸಿದವರಲ್ಲಿ ಅನೇಕರು ಅಳೆದದ್ದು ತಮ್ಮ ಗೇರ್‌ಬಾಕ್ಸನ್ನು.

ಎಂಜಿನ್ನನ್ನೇ ಲೆಕ್ಕದಿಂದ ತೆಗೆದುಹಾಕುವ ಇನ್ನೊಂದು ವಿಧಾನ ಹೆಚ್ಚು ನಂಬಿಕೆಗೆ ಅರ್ಹ. ಆಕ್ಸಿಲರೇಟರ್ ಬಿಟ್ಟು, ಗೇರನ್ನು ನ್ಯೂಟ್ರಲ್‌ಗೆ ತಂದು ಕಾರನ್ನು ತನ್ನಷ್ಟಕ್ಕೆ ಓಡಲು ಬಿಡಬೇಕು, ವೇಗ ಎಷ್ಟು ಬೇಗ ಇಳಿಯುತ್ತದೆ ಎಂದು ಅಳೆಯಬೇಕು. ನಮ್ಮ ಉದಾಹರಣೆಯ ಕಾರು 1,500 ಕಿಲೋಗ್ರಾಂ ತೂಗುವುದಾದರೆ 322 ಕಿ.ಮೀ. ವೇಗದಲ್ಲಿ ಗಾಳಿಯೊಂದೇ ಅದನ್ನು ಪ್ರತಿ ಸೆಕೆಂಡಿಗೆ ಗಂಟೆಗೆ ಸುಮಾರು 8 ಕಿ.ಮೀ.ಯಷ್ಟು ನಿಧಾನಗೊಳಿಸುತ್ತದೆ. ತಡೆ ಶೇ. 20 ಇಳಿದಿದ್ದರೆ ಆ ಇಳಿತ ಆರೂವರೆಯ ಹತ್ತಿರಕ್ಕೆ ಬರುತ್ತದೆ. ಸೆಕೆಂಡಿಗೆ 60 ಸಲ ದತ್ತಾಂಶ ಬರೆದಿಡುವ ಐರೇಸಿಂಗ್‌ನಂಥ ಸಿಮ್ಯುಲೇಟರಿನ ಟೆಲಿಮೆಟ್ರಿ ಕೈಯಲ್ಲಿದ್ದರೆ ಇದನ್ನು ಗ್ರಾಫಿನಲ್ಲೇ ಓದಬಹುದು.

ಮೂರನೆಯ ಬಗೆ ವಲಯದ ನಕ್ಷೆ ತೆಗೆಯುವುದು. ಅಂತರವನ್ನು ಹಂತಹಂತವಾಗಿ ಹೆಚ್ಚಿಸುತ್ತ, ಪಕ್ಕಕ್ಕೆ ಸ್ವಲ್ಪ ಸ್ವಲ್ಪವೇ ಸರಿಯುತ್ತ ಲಾಭ ಎಲ್ಲಿ ನಿಲ್ಲುತ್ತದೆ ಎಂದು ಗುರುತಿಸುತ್ತಾರೆ. ಲಾಭ ಒಂದು ಗೆರೆಯಲ್ಲಿ ಥಟ್ಟನೆ ನಿಂತರೆ ಒಳಗಿರುವುದು ಚತುರ್ಭುಜದ ಚೌಕಟ್ಟು; ನಿಧಾನವಾಗಿ ಕರಗಿದರೆ ಗುಣಕ; ತಿರುವು ದಾಟಿದ ಮೇಲೂ ಮುಂದಿನವನ ಹಳೆಯ ಜಾಡಿನಲ್ಲಿ ಸಿಕ್ಕರೆ ನೆನಪಿರುವ ಗಾಳಿ. ಮುಂದೆ ಒಂದೇ ಕಾರಿದ್ದಾಗ ಮತ್ತು ಐದು ಕಾರುಗಳ ಸಾಲಿದ್ದಾಗ ಲಾಭ ಒಂದೇ ಆಗಿದೆಯೇ, ಹಿಂದೆ ಯಾರೋ ಬಂದಾಗ ಮುಂದಿನ ಕಾರಿನ ವೇಗವೂ ಏರುತ್ತದೆಯೇ ಎಂಬ ಪ್ರಶ್ನೆಗಳನ್ನೂ ಇದೇ ದಾರಿಯಲ್ಲಿ ಕೇಳಬಹುದು. ಕೊನೆಯ ಪ್ರಶ್ನೆಗೆ ‘ಇಲ್ಲ’ ಎಂದು ಉತ್ತರ ಬಂದರೆ ಆ ಆಟದಲ್ಲಿ ಡೇಟೋನಾದ ಜೋಡಿ ಓಟಕ್ಕೆ ಅರ್ಥವಿಲ್ಲ.

ಸ್ಲಿಪ್‌ಸ್ಟ್ರೀಮ್‌ನಿಂದ ಬಂದ ಸಮಯವನ್ನು ದಾಖಲೆಯೆಂದು ಒಪ್ಪಬೇಕೇ ಎಂಬುದು ಇನ್ನೊಂದು ಚರ್ಚೆ. ಫೋರ್ಜಾ ಮೋಟರ್‌ಸ್ಪೋರ್ಟ್ ಸರಣಿ ಇದಕ್ಕೆ ಸ್ಪಷ್ಟ ಉತ್ತರ ಕೊಟ್ಟಿತು. ಡಿಕ್ಕಿ, ಟ್ರ್ಯಾಕಿನ ಹೊರಗೆ ಹೋಗುವುದು, ರಿವೈಂಡ್‌ಗಳಂತೆ ಡ್ರಾಫ್ಟ್ ಪಡೆದ ಸುತ್ತಿಗೂ ಕೊಳಕು ಸುತ್ತೆಂಬ ಗುರುತು ಬೀಳುತ್ತದೆ. ಒಂಟಿಯಾಗಿ ಆಡುವ ಟೈಮ್ ಟ್ರಯಲ್‌ಗಳಲ್ಲಿ ಹಿಂದಿನ ಓಟವನ್ನು ಮರಳಿ ತೋರಿಸುತ್ತ ಜೊತೆಗೆ ಓಡುವ ಭೂತಕಾರುಗಳಿಗೆ ಸಾಮಾನ್ಯವಾಗಿ ಗಾಳಿ ಕಲಕುವ ಗುಣವನ್ನೇ ಕೊಟ್ಟಿರುವುದಿಲ್ಲ.

ಆನ್‌ಲೈನ್ ಅಂತರ

ಇಂಟರ್ನೆಟ್ ಮೂಲಕ ಆಡುವಾಗ ಮುಂದೆ ಕಾಣುವ ಕಾರು ಅಲ್ಲಿ ಇರುವುದೇ ಇಲ್ಲ. ಅದರ ಸ್ಥಾನದ ಸುದ್ದಿ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗ ಹಿಡಿದರೂ, 322 ಕಿ.ಮೀ. ವೇಗದಲ್ಲಿ ಆ ಹೊತ್ತಿಗೆ ಕಾರು ಸುಮಾರು 9 ಮೀಟರ್, ಅಂದರೆ ಎರಡು ಕಾರುಗಳ ಉದ್ದ, ಮುಂದೆ ಹೋಗಿರುತ್ತದೆ. ಆಟ ಹಳೆಯ ವೇಗ ಮತ್ತು ದಿಕ್ಕಿನಿಂದ ಈಗಿನ ಜಾಗವನ್ನು ಊಹಿಸಿ ತೋರಿಸುತ್ತದೆ. ನೇರ ದಾರಿಯಲ್ಲಿ ಊಹೆ ಸರಿಯಾಗಿಯೇ ಇರುತ್ತದೆ. ಮುಂದಿನವನು ಬ್ರೇಕ್ ಒತ್ತಿದ ಕ್ಷಣ ತಪ್ಪುತ್ತದೆ. ಬಂಪರ್ ತಾಗಿಸಿ ತಳ್ಳುವ ಓಟ ಆನ್‌ಲೈನ್‌ನಲ್ಲಿ ಅಷ್ಟು ಅಪಾಯಕಾರಿ ಆಗಿರುವುದು ಇದರಿಂದಲೇ: ಒಬ್ಬನ ಪರದೆಯಲ್ಲಿ ಮೃದುವಾಗಿ ತಾಗಿದ್ದು ಇನ್ನೊಬ್ಬನ ಪರದೆಯಲ್ಲಿ ಬಲವಾದ ಡಿಕ್ಕಿ ಆಗಬಹುದು.

ಆಟದಿಂದ ಟ್ರ್ಯಾಕಿಗೆ

ಡೇವಿಡ್ ಕೆಮರ್ ಸಹ-ಸ್ಥಾಪಕರಾಗಿದ್ದ ಪ್ಯಾಪಿರಸ್ ಸಂಸ್ಥೆ 1989ರಲ್ಲಿ ಇಂಡಿಯಾನಾಪೊಲಿಸ್ 500: ದಿ ಸಿಮ್ಯುಲೇಶನ್, 1994ರಲ್ಲಿ ನಾಸ್ಕಾರ್ ರೇಸಿಂಗ್ ಆಟಗಳನ್ನು ತಂದಿತು. ಅದೇ ಪರಂಪರೆಯಲ್ಲಿ 2008ರಲ್ಲಿ ಐರೇಸಿಂಗ್ ಶುರುವಾಯಿತು. ಕೋವಿಡ್‌ನಿಂದ 2020ರ ಮಾರ್ಚ್‌ನಲ್ಲಿ ಟ್ರ್ಯಾಕುಗಳು ಮುಚ್ಚಿದಾಗ ನಾಸ್ಕಾರ್ ಚಾಲಕರೇ ಅದರಲ್ಲಿ ಸ್ಪರ್ಧಿಸಿದರು; ಹೋಮ್‌ಸ್ಟೆಡ್‌ನ ಮೊದಲ ರೇಸನ್ನು ಡೆನಿ ಹ್ಯಾಮ್ಲಿನ್ ಗೆದ್ದರು. ಹದಿಹರೆಯದಲ್ಲಿ ಐರೇಸಿಂಗ್‌ನಲ್ಲೇ ರೇಸಿಂಗ್ ಕಲಿತು, ಆಮೇಲೆ ನಿಜವಾದ ಕಾರು ಹತ್ತಿದ ವಿಲಿಯಂ ಬೈರನ್ 2024 ಮತ್ತು 2025ರ ಡೇಟೋನಾ 500ಗಳನ್ನು ಸತತವಾಗಿ ಗೆದ್ದರು. ಡ್ರಾಫ್ಟ್ ಅರಿಯದೆ ಗೆಲ್ಲಲಾಗದ ರೇಸ್ ಅದು. ಸಿಮ್ಯುಲೇಟರಿನಲ್ಲಿ ಬರೆದ ಗಾಳಿ ಕಲಿಕೆಗೆ ಸಾಕಾಗುವಷ್ಟು ಸತ್ಯ ಎನ್ನಲು ಇದಕ್ಕಿಂತ ಬಲವಾದ ಸಾಕ್ಷ್ಯ ಬೇಕಿಲ್ಲ.

ಆಟದ ಸುಳ್ಳೊಂದು ಟ್ರ್ಯಾಕಿನಲ್ಲಿ ನಿಜವಾದ ಉದಾಹರಣೆಯೂ ಇದೆ. ಹೊರಗೋಡೆಗೆ ಒರಗಿ, ಬ್ರೇಕ್ ಹಾಕದೆ ತಿರುವು ದಾಟುವುದು ಹಳೆಯ ರೇಸಿಂಗ್ ಆಟಗಳ ಚಿರಪರಿಚಿತ ಕುಯುಕ್ತಿ. 2022ರ ಅಕ್ಟೋಬರ್ 30ರಂದು ಮಾರ್ಟಿನ್ಸ್‌ವಿಲ್ ಟ್ರ್ಯಾಕಿನಲ್ಲಿ ನಾಸ್ಕಾರ್ ಚಾಲಕ ರಾಸ್ ಚಾಸ್ಟೇನ್ ಚಾಂಪಿಯನ್‌ಶಿಪ್‌ನ ಫೈನಲ್ ತಲುಪಲು ಕೊನೆಯ ಸುತ್ತಿನಲ್ಲಿ ಎರಡು ಸ್ಥಾನ ಮೇಲೇರಬೇಕಿತ್ತು. ಗೇಮ್‌ಕ್ಯೂಬ್‌ನಲ್ಲಿ ಬಾಲ್ಯದಲ್ಲಿ ಆಡಿದ್ದ ನಾಸ್ಕಾರ್ 2005 ಆಟವನ್ನು ನೆನೆದು ಐದನೇ ಗೇರಿನಲ್ಲಿ ಗೋಡೆಗೆ ಕಾರು ಒರಗಿಸಿ, ಆಕ್ಸಿಲರೇಟರನ್ನು ಪೂರ್ತಿ ಒತ್ತಿಹಿಡಿದರು. ಐದು ಕಾರುಗಳನ್ನು ದಾಟಿ ಹತ್ತನೆಯವರಾಗಿದ್ದವರು ಐದನೆಯವರಾಗಿ ಗೆರೆ ಮುಟ್ಟಿದರು. ಆ ಸುತ್ತಿಗೆ ಹಿಡಿದದ್ದು 18.845 ಸೆಕೆಂಡು. ಗೋಡೆಗೆ ಉಜ್ಜಿದ ಕಾರು ವೇಗ ಕಳೆದುಕೊಳ್ಳುವುದನ್ನು ಹಳೆಯ ಆಟಗಳು ಸರಿಯಾಗಿ ಬರೆದಿರಲಿಲ್ಲ ಎಂಬುದು ನಿಜ. ಆದರೆ ಅಷ್ಟು ಚಿಕ್ಕ, ನಿಧಾನದ ಟ್ರ್ಯಾಕಿನಲ್ಲಿ ಉಳಿದವರು ಬ್ರೇಕ್ ಹಾಕಿ ಕಳೆದುಕೊಳ್ಳುತ್ತಿದ್ದ ವೇಗ ಗೋಡೆ ತಿಂದ ವೇಗಕ್ಕಿಂತಲೂ ಹೆಚ್ಚಾಗಿತ್ತು. 2023ರ ಋತು ಶುರುವಾಗುವ ಮುನ್ನವೇ, ಸುರಕ್ಷತೆಗೆ ಸಂಬಂಧಿಸಿದ ಚಾಲ್ತಿಯಲ್ಲಿರುವ ನಿಯಮದ ಅಡಿಯಲ್ಲಿ ಇನ್ನು ಮುಂದೆ ಇಂಥ ಓಟಕ್ಕೆ ದಂಡ ವಿಧಿಸುವುದಾಗಿ ನಾಸ್ಕಾರ್ ತಿಳಿಸಿತು.